ನೋಟಿಸ್ ಹಾಕಿದರೆ ಪಂಗಡದ ಹಿರಿಯರು ಮದುವೆ ತಡೆಯಬಹುದಾ?
ಸಕಲೇಶಪುರದಲ್ಲಿದ್ದೀರಿ, ಪಂಗಡ ಬಿಟ್ಟಾಯ್ತು, ಶಾಸ್ತ್ರವಿಲ್ಲದೆ ರಿಜಿಸ್ಟರ್ ಮದುವೆಯಾದರೆ ಹಿರಿಯರು ತಡೆಯಬಹುದಾ ಅಂತ ಕೇಳಿದ್ದೀರಿ. ಬರೀ ಪಂಗಡ ಬಿಟ್ಟ ಕಾರಣಕ್ಕೆ ಆಗಲ್ಲ. ಇಂಥ ಮದುವೆ ನಡೆಯೋದು 1954ರ ವಿಶೇಷ ವಿವಾಹ ಕಾಯ್ದೆಯಡಿ; ಮದುವೆಯಾಗ್ತೀವಿ ಅಂತ ಮೊದಲೇ ವಿವಾಹಾಧಿಕಾರಿಗೆ ಕೊಡುವ ನೋಟಿಸ್ ನಮೂನೆಯಲ್ಲಿ ಧರ್ಮದ ಕಾಲಮ್ಮೇ ಇಲ್ಲ. ಈಗ ಏನನ್ನು ನಂಬ್ತೀರಿ ಅಂತ ನಿಮಗೇ ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ.

ಇಬ್ಬರಲ್ಲಿ ಒಬ್ಬರಾದರೂ ನೋಟಿಸಿಗೆ ಮುಂಚೆ ಕನಿಷ್ಠ 30 ದಿನ ಆ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲೇ ವಾಸವಿರಬೇಕು. ಎಡವಟ್ಟಾಗೋದು ಆ ಕಚೇರಿಯ ನೋಟಿಸ್ ಬೋರ್ಡಿನಲ್ಲಿ: 30 ದಿನ ಅಲ್ಲಿ ನೇತಾಡುತ್ತೆ, ಯಾರಾದರೂ ಫೋಟೊ ಹೊಡೆದು ಮನೆಗೆ ಕಳಿಸ್ತಾರೆ. ಕಾಯಂ ವಿಳಾಸ ಬೇರೆ ಅಧಿಕಾರಿಯ ವ್ಯಾಪ್ತಿಯದಾದರೆ ಅಲ್ಲಿಗೂ ಒಂದು ಪ್ರತಿ. ಆಕ್ಷೇಪಣೆಗೆ ವಯಸ್ಸು, ಬದುಕಿರುವ ಸಂಗಾತಿ, ನಿಷಿದ್ಧ ಸಂಬಂಧ (ಮದುವೆಯಾಗಬಾರದಷ್ಟು ಹತ್ತಿರದ ನೆಂಟಸ್ತಿಕೆ), ಮಾನಸಿಕ ಅಸ್ವಸ್ಥತೆ ಇವಷ್ಟೇ ಆಧಾರ. ಮೂವರು ಸಾಕ್ಷಿಗಳು ಹೊರಗಿನವರಾಗಿರಲಿ; ಕೊನೆ ಗಳಿಗೆಯಲ್ಲಿ ಕೈಕೊಡೋದು ಒಳಗಿನವರೇ. ನೋಟಿಸ್ ಕೊಟ್ಟು ಮದುವೆಯಾಗದೆ 3 ತಿಂಗಳು ದಾಟಿತೋ, ಹೊಸ ನೋಟಿಸ್.