ಒಡವೆ ಬಚ್ಚಿಟ್ಟ ಯಜಮಾನತಿ

ತಮ್ಮಾ, ಓದಲು ವೇಲ್ಸಿನ ಅಬೆರಿಸ್ಟ್‌ವಿತ್‌ಗೆ ಬರ್ತಿದ್ದೀನಿ, ರೂಮು ಸಿಕ್ಕಿರೋದು ನಾನ್‌ಟೇಯೋಸ್ ಬಂಗಲೆ ಕಡೆ, ಅಲ್ಲಿ ದೆವ್ವ ಇದೆಯಂತೆ, ಇರಬಹುದಾ ಅಂತ ಕೇಳಿದ್ದೀಯ. ಧಾರಾಳವಾಗಿ ಇರು. ದೆವ್ವಗಳ ತಂಟೆಯಿಲ್ಲ, ಡಿಸೆಂಬರಿನಲ್ಲಿ 4 ಗಂಟೆಗೇ ಕವಿಯುವ ಕತ್ತಲು, ಗೋಡೆಯ ತೇವ, ಇವೇ ಕಾಟ.

ಪೇಟೆಯಿಂದ ಸುಮಾರು 3 ಮೈಲಿ. ಪವೆಲ್ ಮನೆತನದವರು 1739ರಲ್ಲಿ ಶುರುಮಾಡಿ 1757ಕ್ಕೆ ಕಟ್ಟಿ ಮುಗಿಸಿದ ಮನೆ, ಆಮೇಲೆ ಹೋಟೆಲಾಯಿತು. ಅಲ್ಲಿಯ ಒಬ್ಬ ಯಜಮಾನತಿಗೆ ಒಡವೆ ಅಂದರೆ ಪ್ರಾಣವಂತೆ. ಸಾಯುವ ಹೊತ್ತಿಗೆ ಹಾಸಿಗೆಯಿಂದೆದ್ದು ಅದನ್ನೆಲ್ಲ ಎಲ್ಲೋ ಬಚ್ಚಿಟ್ಟಳು, ಈಗಲೂ ಹುಡುಕುತ್ತಾ ಓಡಾಡುತ್ತಾಳೆ ಅಂತಾರೆ. ಇಟ್ಟವಳಿಗೇ ಮರೆತುಹೋಯಿತಾ, ಅದು ನನಗೆ ಬಗೆಹರಿದಿಲ್ಲ. ಇನ್ನು ನಡುರಾತ್ರಿ ಜಲ್ಲಿಕಲ್ಲಿನ ಮೇಲೆ ಸಾರೋಟು ಬಂದು ನಿಂತ ಸದ್ದು. ಕಾಡಿನೊಳಗಿಂದ, ಹಾರ್ಪ್ ಅನ್ನೋ ತಂತಿವಾದ್ಯ ನುಡಿಸುತ್ತಿದ್ದು ಸತ್ತುಹೋದವನ ನಾದ.

ಆ ಮನೆಯದೇ ಒಂದು ಮರದ ಬಟ್ಟಲಿದೆ. ಯೇಸು ಕಡೇ ಊಟದಲ್ಲಿ ಕುಡಿದದ್ದು ಅಂತ ನಂಬಿ, ಕಾಯಿಲೆಯವರು ವಾಚೋ ದುಡ್ಡೋ ಒತ್ತೆಯಿಟ್ಟು ಒಯ್ಯುತ್ತಿದ್ದರು. ನೀರು ಕುಡಿದು ಸುಮ್ಮನಾಗದೆ ಅಂಚನ್ನೂ ಕಚ್ಚಿ ಕಚ್ಚಿ ಅರ್ಧ ಉಳಿಸಿದ್ದಾರೆ! 2014ರಲ್ಲಿ ಕಳುವಾಗಿ ಮರುವರ್ಷ ಸಿಕ್ಕಿತು. ಈಗ ಇಲ್ಲೇ ಗುಡ್ಡದ ಮೇಲಿನ ವೇಲ್ಸಿನ ನ್ಯಾಷನಲ್ ಲೈಬ್ರರಿಯಲ್ಲಿದೆ.

ನನಗೆ ಇಷ್ಟವಾದದ್ದು ಮಾತ್ರ ಬೇರೆ. ಪಕ್ಕದ ಮನೆಯ ಅಜ್ಜಿ ಎರಡು ವರ್ಷ ನನ್ನ ಜೊತೆ ಮಳೆಯ ವಿಷಯ ಬಿಟ್ಟು ಬೇರೆ ಮಾತಾಡಿರಲಿಲ್ಲ. ಒಂದು ಸಂಜೆ ನಮ್ಮೂರ ಗದ್ದೆಬಯಲಿನ ಕೊಳ್ಳಿದೆವ್ವದ ಕಥೆ ಹೇಳಿದೆ. ಕೈಲಿದ್ದ ಟೀ ಕಪ್ ಕೆಳಗಿಟ್ಟರು. ಎದ್ದು ಹೋಗಿ ಕೆಟಲ್ ಮತ್ತೆ ಆನ್ ಮಾಡಿ ಬಂದು, ದನಿ ತಗ್ಗಿಸಿ, "ನಮ್ಮಲ್ಲೂ ಇದೆ" ಅಂದರು. ಕನ್‌ವಿಲ್ ಕೋರ್ಫ್, ಅಂದರೆ ಹೆಣದ ದೀಪ. ನಮ್ಮ ಕೊಳ್ಳಿದೆವ್ವ ದಾರಿ ತಪ್ಪಿಸುತ್ತೆ. ಇದು ತಪ್ಪಿಸಲ್ಲ, ಮುಂದೆ ಹೆಣ ಹೋಗಬೇಕಾದ ದಾರಿಯಲ್ಲೇ ನೆಟ್ಟಗೆ ಹೋಗುತ್ತೆ. ವೇಲ್ಸಿನ ಸಂತ ಡೇವಿಡ್, ದೇವರ ಹತ್ತಿರ ಬೇಡಿ ತಂದ ಸಾವಿನ ಮುನ್ಸೂಚನೆಯಂತೆ. ಕೆಂಪಗಿದ್ದರೆ ಸಾಯೋದು ಗಂಡಸು, ಬೆಳ್ಳಗಿದ್ದರೆ ಹೆಂಗಸು, ಸಣ್ಣ ನೀಲಿಯಾದರೆ ಮಗು. ಆವತ್ತು ಮೂರು ಸಲ ಟೀ ಆಯಿತು. ಆಮೇಲೆ ಬೇಲಿಯಾಚೆಯಿಂದ ಅವರೇ ಕೂಗಿ ಮಾತಾಡಿಸುತ್ತಿದ್ದರು.

ಬಂಗಲೆಯ ದಾರಿಯಲ್ಲಿ ಬೀದಿದೀಪವನ್ನು ನಂಬಬೇಡ, ಒಳ್ಳೇ ಟಾರ್ಚ್ ತಗೊಂಡು ಬಾ. ಕೆಂಪು ಬೆಳಕಿನದು ಬೇಡ, ಪಾಪ, ಕಿಟಕಿಯಿಂದ ಯಾರಾದರೂ ನೋಡಿಬಿಟ್ಟಾರು.