ಕೈ ಸರಿಯಿದೆ, ವಾಕ್ಯ ಬರುತ್ತಿಲ್ಲ

ಆಪ್ತಸಲಹೆಗೆಂದು ನನ್ನ ಬಳಿ ಬಂದ ಕಾಲೇಜು ಹುಡುಗನೊಬ್ಬನ ಕಥೆ ಇದು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ಕರಡನ್ನು ಅವನೇ ಓದಿ, ಎರಡು ಕಡೆ “ಇದು ಹೀಗಲ್ಲ ಮೇಡಂ” ಎಂದು ತಿದ್ದಿಸಿದ್ದಾನೆ.

ಮೊದಲು ಒಳಗೆ ಬಂದವರು ತಾಯಿ. ಮಗ ಹೊರಗಿನ ಬೆಂಚಿನ ಮೇಲೆ ಕೂತಿದ್ದ. “ಇಡೀ ದಿನ ಫೋನಿನಲ್ಲಿ ಟೈಪ್ ಮಾಡ್ತಾನೇ ಇರ್ತಾನೆ ಮೇಡಂ. ಪರೀಕ್ಷೆಯಲ್ಲಿ ಮಾತ್ರ ಖಾಲಿ ಪೇಪರ್ ಕೊಟ್ಟು ಬಂದಿದಾನೆ. ಓದಿರಲಿಲ್ಲ ಅಂತಲ್ಲ, ರಾತ್ರಿ ಕೂತು ಓದಿದ್ದನ್ನ ನಾನೇ ನೋಡಿದೀನಿ. ಇದು ಸೋಮಾರಿತನವಾ, ಇನ್ನೇನಾದ್ರೂನಾ?”

ಹುಡುಗನಿಗೆ 19 ವರ್ಷ, ಪದವಿಯ ಎರಡನೇ ವರ್ಷ. ಮೂರು ವಾರಗಳಲ್ಲಿ ಎರಡು ಘಟನೆ ನಡೆದಿದ್ದವು. ಸಮಾಜಶಾಸ್ತ್ರದ ಅಸೈನ್‌ಮೆಂಟನ್ನು ಅಧ್ಯಾಪಕರು “ಇದು ನಿನ್ನ ಬರಹವಲ್ಲ” ಎಂದು ಮೇಲೆ ಬರೆದು ವಾಪಸು ಕೊಟ್ಟಿದ್ದರು. ಯಂತ್ರ ಬರೆದದ್ದನ್ನು ಪತ್ತೆ ಮಾಡುತ್ತೇವೆನ್ನುವ ಸಾಫ್ಟ್‌ವೇರೊಂದರ ವರದಿಯನ್ನೂ ಅದಕ್ಕೆ ಪಿನ್ ಮಾಡಿದ್ದರು. ಅದಾದ ಮೇಲೆ ಬಂದ ಆಂತರಿಕ ಪರೀಕ್ಷೆಯಲ್ಲಿ ಅವನು ನೋಂದಣಿ ಸಂಖ್ಯೆ ಬರೆದು, 40 ನಿಮಿಷ ಹಾಳೆ ನೋಡುತ್ತ ಕೂತು, ಎದ್ದು ಬಂದಿದ್ದ.

ಮೊದಲ ದಿನ ಅವನು ಹೆಚ್ಚು ಮಾತಾಡಲಿಲ್ಲ. ನಿದ್ದೆ, ಊಟ, ಬದುಕು ಬೇಡವೆನ್ನಿಸುವ ಯೋಚನೆಗಳ ಬಗ್ಗೆ ಕೇಳಬೇಕಾದ್ದನ್ನೆಲ್ಲ ಕೇಳಿದೆ. ನಿದ್ದೆ ಸ್ವಲ್ಪ ಕೆಟ್ಟಿತ್ತು, ಉಳಿದದ್ದಕ್ಕೆ ಆತಂಕಪಡುವಂಥದ್ದೇನೂ ಇರಲಿಲ್ಲ. ಅಸೈನ್‌ಮೆಂಟಿನ ಮಾತು ಬಂದಾಗ “ಎಷ್ಟು ನಿನ್ನದು, ಎಷ್ಟು ಯಂತ್ರದ್ದು?” ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಯನ್ನು ಆಗಲೇ ಎಲ್ಲರೂ ಕೇಳಿ ಮುಗಿಸಿದ್ದರು. “ಹೇಗೆ ಬರೆದೆ, ಮೊದಲಿನಿಂದ ಹೇಳು” ಎಂದೆ.

ನೆರೆಹೊರೆಯ ಬಗ್ಗೆ ಬರೆಯಬೇಕಿತ್ತು. ಅವನು ಫೋನಿನಲ್ಲಿ ಕನ್ನಡದಲ್ಲೇ ಎರಡು ಪ್ಯಾರಾ ಬರೆದುಕೊಂಡಿದ್ದ. ಒಪ್ಪಿಸಬೇಕಾದದ್ದು ಇಂಗ್ಲಿಷಿನಲ್ಲಿ. ಚಾಟ್‌ಜಿಪಿಟಿಗೆ ಹಾಕಿ ಇಂಗ್ಲಿಷ್ ಮಾಡಿಸಿದ. ಆಮೇಲೆ “ಇನ್ನೂ ಚೆನ್ನಾಗಿ ಮಾಡು” ಎಂದ. ಆಮೇಲೆ “ಇನ್ನಷ್ಟು ಅಕಾಡೆಮಿಕ್ ಮಾಡು” ಎಂದ. ಮೂರನೇ ಸಲ ಬಂದದ್ದನ್ನು ಒಪ್ಪಿಸಿದ.

“ಮೊದಲ ಎರಡು ಪ್ಯಾರಾದಲ್ಲಿ ಏನಿತ್ತು?”

ಸ್ವಲ್ಪ ಹೊತ್ತು ಬಿಟ್ಟು ಹೇಳಿದ: “ಒಂದು ವಾಕ್ಯ ನೆನಪಿದೆ ಮೇಡಂ. ‘ಪಕ್ಕದ ಮನೆಯವರ ಹೆಸರು ನನಗೆ ಗೊತ್ತಾದದ್ದು ಅವರು ಮನೆ ಖಾಲಿ ಮಾಡಿ ಹೋದ ದಿನ.’”

ಆ ವಾಕ್ಯ ಮೂರನೇ ಕರಡಿನ ಹೊತ್ತಿಗೆ ನಗರೀಕರಣದಿಂದ ಸಾಮಾಜಿಕ ಬಂಧಗಳು ಶಿಥಿಲಗೊಳ್ಳುತ್ತವೆ ಎಂಬ, ಯಾರು ಬೇಕಾದರೂ ಬರೆಯಬಹುದಾದ ಸಾಲಾಗಿತ್ತು. ಅದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಇಂಥ ಸಾಲು ಹೊಳೆಯುವ ಹುಡುಗ, ತನಗೆ ಬರೆಯಲು ಬರುವುದಿಲ್ಲ ಎಂದು ನನ್ನೆದುರು ಕೂತಿದ್ದ.

ಎರಡನೇ ಭೇಟಿಯಲ್ಲಿ ಒಂದು ಸರಳ ಪರೀಕ್ಷೆ ಮಾಡಿದೆ. ಡಿಸ್‌ಗ್ರಾಫಿಯಾ ಎನ್ನುವ ಬರವಣಿಗೆಯ ತೊಡಕು ಇದ್ದರೆ ಅದಕ್ಕೆ ಬೇರೆಯೇ ತಜ್ಞರು ಬೇಕು, ಸಲಹೆಯಿಂದ ಅದು ಹೋಗುವಂಥದ್ದಲ್ಲ. ಮುದ್ರಿತ ಪುಟವೊಂದನ್ನು ಕೊಟ್ಟು ಐದು ನಿಮಿಷ ನಕಲು ಮಾಡಲು ಹೇಳಿದೆ. ಚೆಂದದ ಅಕ್ಷರ, ಒತ್ತಕ್ಷರ ಒಂದೂ ತಪ್ಪಿಲ್ಲ, ವೇಗವೂ ಇತ್ತು. ನಂತರ, ಬೆಳಿಗ್ಗೆ ಎದ್ದ ಮೇಲೆ ಏನೇನಾಯಿತು ಅಂತ ಬರೆ ಎಂದೆ. ಪೆನ್ನು ಹಾಳೆಯಿಂದ ಒಂದು ಬೆರಳು ಮೇಲೆ ನಿಂತುಬಿಟ್ಟಿತು.

ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಎಂಬ ಇಬ್ಬರು ಸಂಶೋಧಕರು ಬರೆಯುವವರಿಗೆ, ತಲೆಯಲ್ಲಿ ಓಡುತ್ತಿರುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಬರೆಯಿರಿ ಎನ್ನುತ್ತಿದ್ದರು. ಹಾಗೆ ಕೇಳಿಸಿಕೊಂಡದ್ದರ ಆಧಾರದ ಮೇಲೆ, ಯೋಚಿಸುವುದು, ವಾಕ್ಯ ಕಟ್ಟುವುದು, ತಿರುಗಿ ಓದಿ ತಿದ್ದುವುದು ಒಂದಾದ ಮೇಲೊಂದರಂತೆ ಸಾಲಾಗಿ ನಡೆಯುವುದಿಲ್ಲ, ಒಂದರೊಳಗೊಂದು ಸುತ್ತುತ್ತಿರುತ್ತವೆ ಎಂದು 1981ರಲ್ಲಿ ವಿವರಿಸಿದರು. ನಾನೂ ಅವನಿಗೆ ಹಾಗೇ ಹೇಳಿದೆ: “ಬರೀಬೇಡ, ತಲೆಯಲ್ಲಿ ಏನು ಓಡ್ತಿದೆ ಅಷ್ಟು ಹೇಳು.”

“ಆರು ಗಂಟೆಗೆ ಎದ್ದೆ... ಬೇಡ, ಚಿಕ್ಕ ಹುಡುಗರ ಥರ ಇದೆ. ಎಚ್ಚರವಾದಾಗ... ಇದೂ ಸರಿಯಿಲ್ಲ. ಶುರು ಮಾಡೋಕೆ ಇದಕ್ಕಿಂತ ಚೆನ್ನಾಗಿರೋದು ಇರ್ಬೇಕು...”

ವಾಕ್ಯ ಹುಟ್ಟುವ ಮೊದಲೇ ತಿದ್ದುವವನು ಬಂದು ಬಾಗಿಲಲ್ಲಿ ನಿಂತಿದ್ದ. ಎರಡು ವರ್ಷದಿಂದ ಅವನು ದಿನವೂ ಓದುತ್ತಿದ್ದದ್ದು ನಯವಾಗಿ ತಿದ್ದಿದ, ಎಲ್ಲೂ ಎಡವದ ಬರಹ. ತನ್ನ ಮೊದಲ ಒರಟು ಸಾಲನ್ನು ಅವನು ಅದರ ಪಕ್ಕದಲ್ಲಿಟ್ಟು ನೋಡುತ್ತಿದ್ದ. ಮೊದಲ ಸಾಲು ಎಲ್ಲರದ್ದೂ ಒರಟೇ ಎಂದು ಅವನಿಗೆ ಯಾರೂ ತೋರಿಸಿರಲಿಲ್ಲ.

ಹಿಂದಿನದನ್ನು ಕೇಳುತ್ತ ಹೋದಾಗ ಇನ್ನೊಂದು ತಿಳಿಯಿತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಅವನು ಹೈಸ್ಕೂಲಿನಲ್ಲಿದ್ದ. ನೋಟ್ಸ್ ಪಿಡಿಎಫ್ ಆಗಿ ಬರುತ್ತಿತ್ತು, ಅದನ್ನು ಪುಸ್ತಕಕ್ಕೆ ನಕಲು ಮಾಡಿ ಫೋಟೊ ಕಳಿಸಿದರೆ ಆಯಿತು. ಶಾಲೆ ತೆರೆದ ಮೇಲೂ ಆ ಅಭ್ಯಾಸವೇ ಉಳಿಯಿತು. ಸ್ವಂತ ವಾಕ್ಯದಲ್ಲಿ ಬರೆಯಿರಿ ಎನ್ನುವ ಕೆಲಸ ಮತ್ತೆ ಕೈಗೆ ಬರುವ ಹೊತ್ತಿಗೆ, 2022ರ ನವೆಂಬರಿನಲ್ಲಿ, ಚಾಟ್‌ಜಿಪಿಟಿ ಬಂತು. ಕೆಟ್ಟದಾಗಿ ಬರೆದು, ನಾಚಿಕೊಂಡು, ತಿದ್ದಿಕೊಂಡು ಕಲಿಯಬೇಕಾದ ವರ್ಷಗಳು ಹೀಗೆ ಜಾರಿಹೋದವು. ಈ ವಯಸ್ಸಿನ ಹಲವರಲ್ಲಿ ನಾನು ಇದೇ ಕಥೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳಿದ್ದೇನೆ. ಅವರನ್ನು ಸೋಮಾರಿಗಳೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಮೂರನೇ ಭೇಟಿಗೆ ತಾಯಿಯನ್ನು ಕರೆಸಿಕೊಂಡೆ. ಅವರು ಪತ್ರಿಕೆಯ ತುಣುಕೊಂದನ್ನು ಕತ್ತರಿಸಿ ತಂದಿದ್ದರು: ಸ್ವೀಡನ್ 2023ರಲ್ಲಿ ಮುದ್ರಿತ ಪುಸ್ತಕ ಮತ್ತು ಕೈಬರಹಕ್ಕೆ ಮತ್ತೆ ಒತ್ತು ಕೊಡಲು ಹೊರಟ ಸುದ್ದಿ. “ನೋಡಿ ಮೇಡಂ, ಅಂಥ ದೇಶದವರೇ ವಾಪಸ್ ಬರ್ತಿದಾರೆ. ಫೋನ್ ಕಿತ್ಕೊಂಡುಬಿಡ್ಲಾ?” ಫಿನ್‌ಲ್ಯಾಂಡ್ 2016ರಿಂದ ಕೂಡಿಸಿ ಬರೆಯುವ ಇಂಗ್ಲಿಷ್ ಮಾದರಿಯ ಅಕ್ಷರವನ್ನು ಕಡ್ಡಾಯ ಪಾಠದಿಂದ ಕೈಬಿಟ್ಟು, ಬಿಡಿ ಅಕ್ಷರದ ಜೊತೆ ಟೈಪಿಂಗ್ ಕಲಿಸಲು ಹೊರಟದ್ದನ್ನು ಅವರಿಗೆ ಹೇಳಿದೆ. ದೇಶಗಳೇ ಬೇರೆ ಬೇರೆ ದಾರಿ ಹಿಡಿದಿವೆ. ಕೈಬರಹದ ಪರವಾಗಿ ಅಧ್ಯಯನಗಳಿಲ್ಲ ಎಂದಲ್ಲ. ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಿಕೊಂಡವರು ಉಪನ್ಯಾಸವನ್ನು ಹಾಗೆಹಾಗೇ ಇಳಿಸಿಕೊಳ್ಳುತ್ತಾರೆ, ಕೈಯಲ್ಲಿ ಬರೆದವರಿಗೆ ವಿಷಯ ಹೆಚ್ಚು ಹಿಡಿಯುತ್ತದೆ ಎಂದು 2014ರಲ್ಲಿ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ತೋರಿಸಿದ್ದರು. ಅದನ್ನು ಮತ್ತೆ ಮಾಡಿ ನೋಡಿದವರಿಗೆ ಫಲ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ನಾನು ಪೆನ್ನನ್ನು ಔಷಧಿಯೆಂದು ಕೊಡುವುದಿಲ್ಲ. ಈ ಹುಡುಗನಿಗೆ ಪೆನ್ನು ಬೇಕೆಂದದ್ದು ಬೇರೆ ಕಾರಣಕ್ಕೆ: ಕಾಗದ ಅವನ ವಾಕ್ಯದ ಮುಂದಿನ ಪದವನ್ನು ತಾನೇ ಸೂಚಿಸುವುದಿಲ್ಲ, ಕೆಂಪು ಗೆರೆ ಎಳೆಯುವುದಿಲ್ಲ.

ಫೋನ್ ಕಿತ್ತುಕೊಳ್ಳಬೇಡಿ ಎಂದೆ. ತಾಯಿ ಸುಮ್ಮನೆ ಕೂತಿದ್ದು, ಕೊನೆಗೆ ಮೆಲ್ಲಗೆ, “ಹಾಗೆ ನೋಡಿದ್ರೆ ಸಹಿ ಬಿಟ್ಟು ನಾನೂ ಏನಾದ್ರೂ ಬರೆದು ಎಷ್ಟೋ ವರ್ಷ ಆಯ್ತು ಮೇಡಂ. ಎಲ್ಲಾ ವಾಯ್ಸ್ ಮೆಸೇಜೇ” ಎಂದರು. ಆವತ್ತಿನಿಂದ ಮನೆಯಲ್ಲಿ ಬೈಗುಳ ಕಡಿಮೆಯಾಯಿತು ಎಂದು ಮಗ ಹೇಳಿದ.

ಅವನಿಗೆ ಕೊಟ್ಟ ಮೊದಲ ಸಲಹೆ ಒಂದು ನೋಟ್‌ಬುಕ್ಕಿನದು. ರಾತ್ರಿ ಹತ್ತು ನಿಮಿಷ, ಕೈಯಲ್ಲಿ, ಹೊಡೆದುಹಾಕದೆ, ನಿಲ್ಲಿಸದೆ. ಯಾವ ಭಾಷೆಯಾದರೂ ಸರಿ, ಬೆರೆಸಿದರೂ ಸರಿ. ಅದನ್ನು ನಾನು ನೋಡುವುದಿಲ್ಲ, ಅಮ್ಮ ನೋಡಬಾರದು, ಫೋಟೊ ತೆಗೆದು ಯಾವ ಆ್ಯಪಿಗೂ ಹಾಕಬಾರದು. ಒಂದು ವಾರ ಬಿಟ್ಟು ಬಂದವನು ಹತ್ತು ನಿಮಿಷ ಆಗಲೇ ಇಲ್ಲ ಎಂದ. ನಾನು ಅಂದಾಜು ತಪ್ಪಿದ್ದೆ. ಮೂರು ನಿಮಿಷಕ್ಕೆ ಇಳಿಸಿದೆವು. “ಏನ್ ಬರೀಬೇಕೋ ಗೊತ್ತಿಲ್ಲ ಅಂತ ಅರ್ಧ ಪುಟ ಬರೆದಿದೀನಿ ಮೇಡಂ” ಎಂದ. ಅದೇ ಬೇಕಾಗಿತ್ತು ಎಂದೆ. ನಾಲ್ಕನೇ ವಾರಕ್ಕೆ ಅವನಾಗಿಯೇ ಹತ್ತಕ್ಕೆ ಬಂದ.

ಎರಡನೆಯದು ಬಾಯಿಂದ ಶುರು ಮಾಡುವುದು. ಉತ್ತರವನ್ನು ಗೆಳೆಯನಿಗೆ ಹೇಳುವಂತೆ ಫೋನಿಗೆ ಹೇಳಿ, ಒಮ್ಮೆ ಕೇಳಿಸಿಕೊಂಡು, ನೆನಪಿದ್ದಷ್ಟನ್ನು ಕಾಗದಕ್ಕೆ ಇಳಿಸುವುದು. ಮಾತಿನಲ್ಲಿ ಅವನಿಗೆ ತಡೆಯಿರಲಿಲ್ಲ. ತಾಯಿಯ ವಾಯ್ಸ್ ಮೆಸೇಜಿನ ಮಾತಿನಿಂದಲೇ ನನಗೆ ಇದು ಹೊಳೆದದ್ದು.

ಚಾಟ್‌ಜಿಪಿಟಿಯನ್ನು ಬಿಡು ಎಂದು ನಾನು ಹೇಳಲಿಲ್ಲ. ಬಿಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು, ಸುಳ್ಳು ಒಪ್ಪಂದ ಮಾಡಿಕೊಂಡರೆ ಸಲಹೆಯ ನಂಬಿಕೆಯೇ ಹೋಗುತ್ತದೆ. ಕ್ರಮವನ್ನಷ್ಟೇ ಬದಲಿಸಿದೆವು. ಮೊದಲ ಕರಡು ಪೂರ್ತಿ ಅವನದು, ಎಷ್ಟೇ ಕೆಟ್ಟದಾಗಿದ್ದರೂ. ಆಮೇಲೆ ಅದರ ಹತ್ತಿರ ಹೋಗಬಹುದು, ಆದರೆ “ಚೆನ್ನಾಗಿ ಮಾಡಿಕೊಡು” ಎನ್ನುವಂತಿಲ್ಲ. “ಓದುವವರಿಗೆ ಎಲ್ಲಿ ಅರ್ಥವಾಗುವುದಿಲ್ಲ? ಯಾವ ಮಾತಿಗೆ ಆಧಾರ ಸಾಲದು?” ಎಂದು ಕೇಳಬೇಕು, ತಿದ್ದುವುದನ್ನು ಅವನೇ ಮಾಡಬೇಕು. ಇಂಗ್ಲಿಷಿಗೆ ಮಾಡುವಾಗಲೂ ತನಗೆ ಬರುವ ಇಂಗ್ಲಿಷಿನಲ್ಲೇ ಮೊದಲು ಬರೆದು, ಬರದ ಪದಗಳನ್ನು ಮಾತ್ರ ಕೇಳಬೇಕು. ಎಲ್ಲ ಕರಡುಗಳನ್ನೂ ದಿನಾಂಕ ಹಾಕಿ ಇಟ್ಟುಕೊಳ್ಳಬೇಕು.

ಅಧ್ಯಾಪಕರನ್ನು ಅವನ ಒಪ್ಪಿಗೆ ಪಡೆದೇ ಭೇಟಿಯಾದೆ. ಅವರು ಕೆಟ್ಟವರಲ್ಲ, ದಣಿದಿದ್ದರು. ಒಂದೇ ದನಿಯ ನೂರು ಅಸೈನ್‌ಮೆಂಟ್ ಓದುವುದು ಅವಮಾನದಂತೆ ಅನ್ನಿಸುತ್ತದೆ ಎಂದರು, ಅದು ನನಗೆ ಅರ್ಥವಾಯಿತು. ಆದರೆ ಆ ಪತ್ತೆ ಸಾಫ್ಟ್‌ವೇರಿನ ಬಗ್ಗೆ ಎರಡು ವಿಷಯ ಹೇಳಬೇಕಿತ್ತು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನು 2023ರ ಜುಲೈನಲ್ಲಿ, ನಿಖರತೆ ಕಡಿಮೆಯೆಂದು, ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಅವು ಯಂತ್ರದ್ದೆಂದವು, ಮನುಷ್ಯರೇ ಬರೆದಿದ್ದರೂ. ಎರಡನೇ ಭಾಷೆಯಲ್ಲಿ ಬರೆಯುವವರ ಪದಭಂಡಾರ ಚಿಕ್ಕದು, ವಾಕ್ಯಗಳು ಊಹೆಗೆ ಸಿಗುವಂಥವು. ಸಾಧನ ಹುಡುಕುವುದೂ ಅದನ್ನೇ. ಈ ಹುಡುಗನ ವಿಷಯದಲ್ಲಿ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ ಎಂಬುದನ್ನು ನಾನು ಮುಚ್ಚಿಡಲಿಲ್ಲ. ಅವನೂ ಮುಚ್ಚಿಡಲಿಲ್ಲ, ಮರುದಿನ ಹೋಗಿ ತಾನೇ ಹೇಳಿದ. ಅಷ್ಟೊತ್ತಿಗೆ ಆ ಧೈರ್ಯ ಬಂದಿತ್ತು. ಅವರು ಮತ್ತೆ ಬರೆಯಲು ಎರಡು ವಾರ ಕೊಟ್ಟರು, ಕರಡುಗಳ ಸಮೇತ ಒಪ್ಪಿಸಬೇಕೆಂದರು.

ಪರೀಕ್ಷೆಯ ಭಯಕ್ಕೆ ಬೇರೆ ಕೆಲಸ ಬೇಕಾಯಿತು. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಭಯವನ್ನೇ ಬರೆದ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದರೆಂದು 2011ರಲ್ಲಿ ಜೆರಾರ್ಡೊ ರಮೀರೆಸ್ ಮತ್ತು ಸಯಾನ್ ಬೈಲಾಕ್ ಪ್ರಕಟಿಸಿದ್ದರು. 2018ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಆ ಫಲ ಸಿಗಲಿಲ್ಲ. ಎರಡನ್ನೂ ಅವನಿಗೆ ಹೇಳಿ, ಮಾಡಿ ನೋಡುವುದು ನಿನಗೆ ಬಿಟ್ಟದ್ದು ಎಂದೆ. ನಾನು ಒತ್ತಿ ಹೇಳಿದ್ದು ಇನ್ನೊಂದನ್ನು: ಉತ್ತರಪತ್ರಿಕೆಯ ಕೊನೆಯ ಪುಟವನ್ನು ಮೊದಲೇ ತೆರೆದು, ಮೇಲೆ “ಕಚ್ಚಾ ಕೆಲಸ” ಎಂದು ಬರೆದು, ಮೊದಲ ಐದು ನಿಮಿಷ ಅಲ್ಲೇ ಗೀಚು. ಗಣಿತಕ್ಕೆ ಎಲ್ಲರೂ ಮಾಡುವುದನ್ನು ವಾಕ್ಯಕ್ಕೆ ಯಾಕೆ ಮಾಡಬಾರದು? ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಹೀಗೆ ಒಂದೊಂದೇ ಉತ್ತರ ಬರೆದ. ಮೊದಮೊದಲು ಎರಡನೇ ಪುಟಕ್ಕೇ ಕೈ ನೋಯುತ್ತಿತ್ತು. ವರ್ಷಗಟ್ಟಲೆ ಅಷ್ಟುದ್ದ ಬರೆಯದ ಕೈ ಅದು, ನೋವು ಸಹಜವೆಂದು ಹೇಳಬೇಕಾಯಿತು.

ಆರನೇ ಭೇಟಿಗೆ ಮರಳಿ ಬರೆದ ಅಸೈನ್‌ಮೆಂಟ್ ತಂದಿದ್ದ. ಇಂಗ್ಲಿಷ್ ಕುಂಟುತ್ತಿತ್ತು. ಎರಡನೇ ಸಾಲಿನಲ್ಲೇ ಪಕ್ಕದ ಮನೆಯವರಿದ್ದರು. ಅಧ್ಯಾಪಕರು ಆ ವಾಕ್ಯದ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ “ಹೆಸರು ಹೇಗೆ ಗೊತ್ತಾಯಿತು?” ಎಂದು ಬರೆದಿದ್ದರು. ಅದಕ್ಕೆ ಉತ್ತರವಾಗಿ ಅವನು, ಅಂಕಕ್ಕೆ ಸಂಬಂಧವಿಲ್ಲದಿದ್ದರೂ, ಕೈಯಲ್ಲಿ ಒಂದೂವರೆ ಪುಟ ಬರೆದು ಕೊಟ್ಟಿದ್ದ.

ಕನ್ನಡದ ಆಂತರಿಕ ಪರೀಕ್ಷೆಯನ್ನು ಪೂರ್ತಿ ಬರೆದ. ಸಮಾಜಶಾಸ್ತ್ರದಲ್ಲಿ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಬರೆದ, ನಾಲ್ಕನೆಯದಕ್ಕೆ ಮತ್ತೆ ಕೈ ನಿಂತಿತಂತೆ. ಕೊನೆಯ ಪುಟದಲ್ಲಿ ಗೀಚಿದ್ದ ಎರಡು ಸಾಲನ್ನೇ ಹಾಗೇ ಬಿಟ್ಟು ಬಂದಿದ್ದಾನೆ. ಸೆಮಿಸ್ಟರ್ ಪರೀಕ್ಷೆಗೆ ಇನ್ನು ಏಳು ವಾರವಿದೆ. ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದ್ದೇನೆ.