ಪ್ರತಿಕ್ರಿಯೆ: ಡೊಂಕು ಗಾಯಕ್ಕೆ ಅಂಟುಪಟ್ಟಿ ಸುಕ್ಕಾಗುವುದು ಯಾಕೆ?

ಹಾಸನದ ಕಾಲೇಜಿನ ಪ್ರಾಜೆಕ್ಟಿಗೆ ಹೊಲಿಗೆ ಇಲ್ಲದೆ ಗಾಯ ಮುಚ್ಚುವ ಪಟ್ಟಿ ಮಾಡಿದ್ದೀರಿ. ನೇರ ಗಾಯಕ್ಕೆ ಚೆನ್ನಾಗಿ ಕೂರುತ್ತದೆ, ಡೊಂಕಾದರೆ ಸುಕ್ಕಾಗುತ್ತದೆ ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ನರ್ಸ್. ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ಮಾಡುವಾಗ ಕತ್ತಿ ಜಾರಿದ ಗಾಯ ಗೆರೆ ಎಳೆದ ಹಾಗೆ ಇರೋದೇ ಇಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ತುಂಬಾ ಮುಖ್ಯ.

ಬಾಗಿದ ಗಾಯದ ಹೊರ ಅಂಚು ಉದ್ದ, ಒಳ ಅಂಚು ಗಿಡ್ಡ. ಒಂದೇ ಉದ್ದನೆಯ ಪಟ್ಟಿ ಅಡ್ಡಕ್ಕೆ ಬಾಗಲ್ಲ, ಮೇಲೇಳುತ್ತದೆ. ಅದನ್ನು ಸಣ್ಣ ಸಣ್ಣ ತುಂಡು ಮಾಡಿ, ನಡುವೆ ಹಾವಿನಂತೆ ಬಳುಕುವ ತೆಳು ಎಳೆಯಿಂದ ಜೋಡಿಸಿ. ಗಾಯದ ಎರಡೂ ಬದಿಯಲ್ಲಿ ಎದುರುಬದುರಾಗಿ ಕೂರುವ ತುಂಡುಗಳ ಪ್ರತಿ ಜೋಡಿಗೂ, ಅವನ್ನು ಹತ್ತಿರಕ್ಕೆ ಎಳೆಯಲು ಕೇಬಲ್ ಟೈ ತರಹದ ಹಲ್ಲುಪಟ್ಟಿ ಬೇರೆಬೇರೆ ಇರಲಿ. ಬಿಗಿ ಮಾಡಿದ್ದನ್ನು ಸಡಿಲಿಸಲೂ ಬರಬೇಕು, ಇದು ಬಿಡಬೇಡಿ. ಗಾಯ ವಿ ಆಕಾರದಲ್ಲಿ ಹರಿದಿದ್ದರೆ ಚರ್ಮದ ತುದಿಗೆ ರಕ್ತ ಮೊದಲೇ ಕಡಿಮೆ. ಜಾಸ್ತಿ ಎಳೆದರೆ ಆ ತುದಿ ಬೆಳ್ಳಗಾಗುತ್ತದೆ. ಆಗ ಒಂದು ಹಲ್ಲು ಹಿಂದಕ್ಕೆ ಬಿಡಲೇಬೇಕು.

ಅಂಟು ಚರ್ಮಕ್ಕೆ ಸಮಾನಾಂತರವಾಗಿ ಎಳೆದರೆ ತಡೆಯುತ್ತದೆ, ಮೇಲಕ್ಕೆ ಸುಲಿದರೆ ಬೇಗ ಬಿಡುತ್ತದೆ. ಅದಕ್ಕೇ ಹಲ್ಲುಪಟ್ಟಿ ಚರ್ಮಕ್ಕೆ ಆದಷ್ಟು ಹತ್ತಿರ ಇರಲಿ. ಅಂಟುಪಟ್ಟಿಯನ್ನೇ ಎಳೆದು ಅಂಟಿಸಬೇಡಿ, ಅದರ ತುದಿಯಲ್ಲಿ ಚರ್ಮಕ್ಕೆ ಗುಳ್ಳೆ ಏಳುತ್ತದೆ.

ಹಂದಿ ಚರ್ಮದ ಮೇಲೆ ಪರೀಕ್ಷೆ ಮಾಡುವಾಗ ಒಣಗಿದ್ದು, ಒದ್ದೆಯಾಗಿದ್ದು ಎರಡನ್ನೂ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಅಂಟು ನಿಲ್ಲೋದೇ ಕಷ್ಟ ಅಲ್ವಾ? ಆಳವಾದ, ಕೊಳಕಾದ, ನಾಯಿ ಕಚ್ಚಿದ ಗಾಯಕ್ಕೆ ಇದು ಬೇಡ ಅಂತ ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.